ಬಂತಾ? ಎಷ್ಟು ಪುಟ?

ರಾತ್ರಿ ಎರಡು ಗಂಟೆಗೆ ಫೋನ್ ಹೊಡ್ಕೊಂಡ್ರೆ ನಮ್ಮೂರ ಕಡೆ ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ. ಅಂಥ ಹೊತ್ತಲ್ಲಿ ಒಳ್ಳೆ ಸುದ್ದಿ ಬರಲ್ಲ ಅನ್ನೋದು ಅವರ ಅನುಭವ. ಹಬ್ಬಕ್ಕೆ ಅಂತ ತಿಪಟೂರಿಗೆ ಹೋಗಿದ್ದವಳು ಎರಡು ದಿನ ವರ್ಕ್ ಫ್ರಮ್ ಹೋಮ್ ಹಾಕಿಕೊಂಡು ಅಲ್ಲೇ ಉಳಿದಿದ್ದೆ. ಫೋನ್ ಎತ್ತಿಕೊಂಡು ಹಜಾರಕ್ಕೆ ಬಂದು ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದೆ. ಮಾತು ಮುಗಿಸಿ ತಿರುಗಿದರೆ ಅಪ್ಪ ಲೈಟ್ ಹಾಕಿ ನಿಂತಿದ್ದಾರೆ.

"ಯಾರಮ್ಮ ಇಷ್ಟೊತ್ತಲ್ಲಿ?"

"ಆಫೀಸಿಂದ ಅಪ್ಪ. ಅಮೆರಿಕದಲ್ಲಿ ಒಂದು ಫ್ಯಾಕ್ಸ್ ಸರಿಯಾಗಿ ಹೋಗಿಲ್ಲವಂತೆ."

ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ನಕ್ಕರು. "ಫ್ಯಾಕ್ಸಾ? ಅಮೆರಿಕದಲ್ಲಾ? ನಾನು ನನ್ನ ಮಿಷನ್ ತೂಕಕ್ಕೆ ಹಾಕಿ ಎಷ್ಟು ವರ್ಷ ಆಯ್ತು!"

ನಗೋದಕ್ಕೆ ಅವರಿಗೆ ಹಕ್ಕಿತ್ತು. ನಾನು ಹುಟ್ಟಿದ ಮರುವರ್ಷ ಅವರು ಎಪಿಎಂಸಿ ಯಾರ್ಡಿನ ಹತ್ತಿರ ಹಳದಿ ಬೋರ್ಡಿನ ಅಂಗಡಿ ಹಾಕಿದ್ದರು. ಎಸ್‌ಟಿಡಿ, ಐಎಸ್‌ಡಿ, ಪಿಸಿಒ, ಫ್ಯಾಕ್ಸ್, ಜೆರಾಕ್ಸ್. ಕೊಬ್ಬರಿ ಮಂಡಿಯವರು ರೇಟು, ತೂಕದ ಚೀಟಿ, ಲಾರಿ ನಂಬರು ಎಲ್ಲ ಉತ್ತರ ಭಾರತದ ವ್ಯಾಪಾರಿಗಳಿಗೆ ಕಳಿಸುತ್ತಿದ್ದದ್ದು ಅಲ್ಲಿಂದ. ಆ ಅಂಗಡಿಯ ದುಡ್ಡಿನಲ್ಲೇ ನನ್ನ ಸ್ಕೂಲ್ ಫೀಸ್ ಕಟ್ಟಿದ್ದು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬೂತ್ ಹೋಯಿತು, ಫ್ಯಾಕ್ಸ್ ಹೋಯಿತು, ಜೆರಾಕ್ಸ್ ಉಳಿಯಿತು. ಇಂಜಿನಿಯರಿಂಗ್‌ನಲ್ಲಿ ಮೋಡೆಮ್ ಅಂದರೆ ನನಗೆ ಐದು ಮಾರ್ಕಿನ ಪ್ರಶ್ನೆ ಅಷ್ಟೆ. ಅದೇ ಫ್ಯಾಕ್ಸು ಮೂವತ್ತನೇ ವಯಸ್ಸಿನಲ್ಲಿ ನನ್ನ ನಿದ್ದೆ ಕೆಡಿಸುತ್ತೆ ಅಂತ ಯಾರಿಗೆ ಗೊತ್ತಿತ್ತು?

ಅಮೆರಿಕದ ಆಸ್ಪತ್ರೆಗಳಲ್ಲಿ ಫ್ಯಾಕ್ಸ್ ಇವತ್ತಿಗೂ ಜೀವಂತ. ಒಂದು ಆಸ್ಪತ್ರೆಯ ಸಾಫ್ಟ್‌ವೇರ್ ಇನ್ನೊಂದು ಕ್ಲಿನಿಕ್ಕಿನ ಸಾಫ್ಟ್‌ವೇರ್ ಜತೆ ನೇರವಾಗಿ ಮಾತಾಡಲ್ಲ. ಆದರೆ ಫ್ಯಾಕ್ಸ್ ನಂಬರ್ ಎಲ್ಲರ ಹತ್ತಿರವೂ ಇದೆ. ರೋಗಿಯ ಮಾಹಿತಿ ಕಾಪಾಡಲು ಅಲ್ಲಿ 1996ರಲ್ಲಿ ಬಂದ ಹಿಪಾ ಕಾನೂನು ಕೂಡ ಫ್ಯಾಕ್ಸ್ ಬೇಡ ಅನ್ನಲ್ಲ, ಎಚ್ಚರಿಕೆಯಿಂದ ಕಳಿಸಿ ಅನ್ನುತ್ತೆ. ಹಾಗಾಗಿ ಬೆಂಗಳೂರಿನಲ್ಲಿ ಕೂತ ನಮ್ಮ ತಂಡದ ಕೆಲಸ ಇಷ್ಟು: ಲ್ಯಾಬ್ ರಿಪೋರ್ಟು ತಯಾರಾದ ಕೂಡಲೇ ಕಂಪ್ಯೂಟರ್ ಅದನ್ನು ಒಂದು ಮೋಡೆಮ್ ಮೂಲಕ ಸರಿಯಾದ ಕ್ಲಿನಿಕ್ಕಿಗೆ ಫ್ಯಾಕ್ಸ್ ಮಾಡುವ ಹಾಗೆ ನೋಡಿಕೊಳ್ಳೋದು. ಅಂಗೈ ಅಗಲದ ಆ ಮೋಡೆಮ್ ಅಲ್ಲಿ, ಒಂದು ಲ್ಯಾಬಿನ ಸರ್ವರ್ ರೂಮಿನಲ್ಲಿ. ನಾನು ಅದನ್ನು ಕಣ್ಣಾರೆ ಕಂಡಿಲ್ಲ.

ಆ ರಾತ್ರಿ ಬಂದ ದೂರು ಚಿಕ್ಕದು. ಕಿಡ್ನಿ ರೋಗಿಗಳನ್ನು ನೋಡುವ ಒಂದು ಕ್ಲಿನಿಕ್ಕಿಗೆ 3 ಪುಟದ ರಿಪೋರ್ಟು ಹೋಗಿದೆ. ಎರಡನೇ ಪುಟದ ಮೇಲೆ ಅಡ್ಡಡ್ಡ ಕಪ್ಪು ಗೆರೆ. ರಕ್ತದ ಪೊಟ್ಯಾಸಿಯಂ ಇರುವ ಸಾಲಿನ ಮೇಲೇ ಒಂದು ಗೆರೆ ಹಾದುಹೋಗಿದೆ. ಅಂಕಿ 5.1 ಇರಬಹುದು, 6.1 ಕೂಡ ಇರಬಹುದು. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸಿನಲ್ಲಿರಬೇಕು. 5.1 ಅಂದರೆ ಸ್ವಲ್ಪ ಹೆಚ್ಚು. 6 ದಾಟಿದರೆ ಹೃದಯದ ಬಡಿತಕ್ಕೇ ಅಪಾಯ. ಅಲ್ಲಿದ್ದ ನರ್ಸ್ ಊಹೆ ಮಾಡಲು ಹೋಗಲಿಲ್ಲ. ಲ್ಯಾಬಿಗೆ ಫೋನ್ ಮಾಡಿ ಅಂಕಿ ಕೇಳಿ ಬರೆದುಕೊಂಡರು. ಹಾಗೇ, "ನಿಮ್ಮ ಫ್ಯಾಕ್ಸ್ ಈ ವಾರ ಎರಡನೇ ಸಲ ಹೀಗೆ ಬರ್ತಿದೆ" ಅಂತಲೂ ಹೇಳಿದರು.

ಲ್ಯಾಪ್‌ಟಾಪ್ ತೆರೆದು ನೋಡಿದೆ. ನಮ್ಮ ಲಾಗಿನಲ್ಲಿ ಆ ಫ್ಯಾಕ್ಸಿನ ಮುಂದೆ ಹಸಿರು ಬಣ್ಣದಲ್ಲಿ "ಯಶಸ್ವಿ" ಅಂತ ಇತ್ತು. ಮೂರಕ್ಕೆ ಮೂರೂ ಪುಟ.

"ಇಲ್ಲಿ ಓಕೆ ಅಂತ ಬಂದಿದೆ ಅಪ್ಪ. ತಪ್ಪು ಆ ಕಡೆ ಮಿಷನ್ನಿಂದು ಅನ್ಸುತ್ತೆ."

ಅಪ್ಪ ಅಷ್ಟರಲ್ಲಿ ಟೀಗೆ ನೀರಿಟ್ಟಿದ್ದರು. ಅಡುಗೆಮನೆಯಿಂದಲೇ ಕೇಳಿದರು. "ಓಕೆ ಅಂದಿದ್ದು ಯಾರು? ನಿನ್ನ ಮಿಷನ್ನಾ, ಆ ಕಡೆ ಮಿಷನ್ನಾ?"

ಉತ್ತರ ನನಗೆ ಗೊತ್ತಿರಲಿಲ್ಲ. ಆರು ವರ್ಷದ ಅನುಭವದ ಇಂಜಿನಿಯರು ನಾನು.

ಇದನ್ನು ಅರ್ಥ ಮಾಡಿಕೊಳ್ಳಲು ಫ್ಯಾಕ್ಸ್ ಹೇಗೆ ಮಾತಾಡುತ್ತೆ ಅನ್ನೋದು ಸ್ವಲ್ಪ ಗೊತ್ತಿರಬೇಕು. ಇವತ್ತೂ ಬಳಕೆಯಲ್ಲಿರುವ ಗ್ರೂಪ್ 3 ಫ್ಯಾಕ್ಸಿನ ನಿಯಮಗಳು 1980ರವು. ಕಳಿಸುವ ಮಿಷನ್ ನಂಬರ್ ಒತ್ತಿ 1100 ಹರ್ಟ್ಸ್‌ನ ಒಂದು ಸಣ್ಣ ಕೂಗು ಹಾಕುತ್ತೆ, "ನಾನು ಫ್ಯಾಕ್ಸು" ಅಂತ. ಆ ಕಡೆಯದು 2100 ಹರ್ಟ್ಸ್‌ನಲ್ಲಿ ಉತ್ತರ ಕೊಟ್ಟು ತನ್ನ ಪರಿಚಯ ಹೇಳಿಕೊಳ್ಳುತ್ತೆ: ನನಗೆ ಇಷ್ಟು ವೇಗ ಆಗುತ್ತೆ, ಇಷ್ಟು ಅಗಲದ ಕಾಗದ ಇದೆ. ಕಳಿಸುವವನು "ಹಾಗಾದರೆ ಈ ವೇಗದಲ್ಲಿ ಕಳಿಸ್ತೀನಿ" ಅಂದು ಒಂದೂವರೆ ಸೆಕೆಂಡ್ ಪರೀಕ್ಷೆಗೆ ಅಂತ ಬರೀ ಸೊನ್ನೆಗಳನ್ನು ಕಳಿಸುತ್ತಾನೆ. ಅದು ಸರಿಯಾಗಿ ತಲುಪಿದರೆ ಪುಟ ಹೊರಡುತ್ತೆ. ಈ ಕುಶಲೋಪರಿಯೆಲ್ಲ ನಡೆಯುವುದು ಸೆಕೆಂಡಿಗೆ 300 ಬಿಟ್‌ನಲ್ಲಿ, ನಿಧಾನವಾಗಿ, ತಪ್ಪಾಗದ ಹಾಗೆ. ಪುಟ ಮಾತ್ರ 9600 ಅಥವಾ 14400 ಬಿಟ್ ವೇಗದಲ್ಲಿ ಓಡುತ್ತೆ.

ಪುಟ ಮುಗಿದ ಮೇಲೆ ಕಳಿಸಿದವನು ಕೇಳುತ್ತಾನೆ: ಪುಟ ಮುಗೀತು, ಹೇಗಿದೆ? ಆ ಕಡೆಯವನು "ಚೆನ್ನಾಗಿ ಬಂತು" ಅನ್ನಬಹುದು, "ಬಂತು, ಆದರೆ ಸರಿಯಿಲ್ಲ" ಅಂತಲೂ ಅನ್ನಬಹುದು. ಪ್ರತಿ ಪುಟಕ್ಕೂ ಈ ಪ್ರಶ್ನೆ, ಈ ಉತ್ತರ ಆಗಲೇಬೇಕು. ಸರಿಯಿಲ್ಲ ಅಂದ ಪುಟವನ್ನೂ ಎಷ್ಟೋ ಮಿಷನ್ನುಗಳು ಗೆರೆಗಳ ಸಮೇತ ಪ್ರಿಂಟ್ ಮಾಡಿ ಹೊರಗೆ ಹಾಕುತ್ತವೆ.

ಅಂಗಡಿಯ ಫ್ಯಾಕ್ಸ್ ಮಿಷನ್ನಿನಲ್ಲಿ ಈ ಮಾತುಕತೆಯೆಲ್ಲ ಒಂದೇ ಡಬ್ಬದೊಳಗೆ ಮುಗಿಯುತ್ತಿತ್ತು. ಕಂಪ್ಯೂಟರಿನಿಂದಲೇ ಫ್ಯಾಕ್ಸ್ ಕಳಿಸೋಣ ಅಂತ ಹೊರಟಾಗ ಪ್ರಶ್ನೆ ಎದ್ದಿತು. ಈಗ ಇಬ್ಬರಿದ್ದಾರೆ, ಮೋಡೆಮ್ ಮತ್ತು ಸಾಫ್ಟ್‌ವೇರ್. ಮಾತುಕತೆ ನಡೆಸುವವರು ಯಾರು? ಫ್ಯಾಕ್ಸ್ ಮೋಡೆಮ್‌ಗಳ "ಕ್ಲಾಸ್" ಅನ್ನೋದು ಈ ಪ್ರಶ್ನೆಗೆ ಉತ್ತರ. ಕ್ಲಾಸ್ 2 ಅಂದರೆ ಕ್ಲಾಸ್ 1ಕ್ಕಿಂತ ಮೇಲಿನ ದರ್ಜೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ರೈಲಿನ ಕ್ಲಾಸಿನ ಹಾಗೆ. ಅದು ದರ್ಜೆ ಅಲ್ಲ, ಕೆಲಸ ಹಂಚಿಕೊಳ್ಳುವ ರೀತಿ.

ಅಪ್ಪನ ಅಂಗಡಿಗೆ ಎರಡು ತರದ ಗಿರಾಕಿಗಳು ಬರುತ್ತಿದ್ದರು. ಒಬ್ಬರು ಗಾಜಿನ ಬೂತಿನೊಳಗೆ ಹೋಗಿ ತಾವೇ ನಂಬರ್ ಒತ್ತಿ ತಾವೇ ಮಾತಾಡುವವರು. ಅಪ್ಪ ಲೈನ್ ಮಾತ್ರ ಕೊಡುತ್ತಿದ್ದರು. ಕ್ಲಾಸ್ 1 ಹಾಗೆ. ಮೋಡೆಮ್ ಬರೀ ಲೈನು, ಸದ್ದನ್ನು ಬಿಟ್ಟಾಗಿಸುತ್ತೆ, ಬಿಟ್ಟನ್ನು ಸದ್ದಾಗಿಸುತ್ತೆ. ಪರಿಚಯ, ಪರೀಕ್ಷೆ, ಪುಟ, ಕೊನೆಯ ಪ್ರಶ್ನೆ ಎಲ್ಲವೂ ಸಾಫ್ಟ್‌ವೇರಿನ ಜವಾಬ್ದಾರಿ. ಎರಡನೇ ತರದ ಗಿರಾಕಿ ಕಾಗದ ಅಪ್ಪನ ಕೈಗೆ ಕೊಟ್ಟು, "ಈ ನಂಬರಿಗೆ ಕಳಿಸಿ ಅಣ್ಣ" ಅಂದು ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂರುತ್ತಿದ್ದ. ಕ್ಲಾಸ್ 2 ಹಾಗೆ. ಮಾತುಕತೆ ಮೋಡೆಮ್‌ನದು, ಸಾಫ್ಟ್‌ವೇರಿಗೆ ಬರುವುದು ಫಲಿತಾಂಶ ಮಾತ್ರ.

ಎರಡಕ್ಕೂ ಅದರದ್ದೇ ಆದ ಕಷ್ಟ ಇದೆ. ಕ್ಲಾಸ್ 1ರಲ್ಲಿ ಸಮಯ ಬಹಳ ಮುಖ್ಯ. ಕೆಲವು ಸಂಕೇತಗಳ ಮಧ್ಯೆ 75 ಮಿಲಿಸೆಕೆಂಡ್ ಮೌನ ಇರಬೇಕು, 20 ಮಿಲಿಸೆಕೆಂಡ್ ಆಚೀಚೆ ಆದರೆ ಸರಿ. ಕಂಪ್ಯೂಟರ್ ಬೇರೆ ಕೆಲಸದಲ್ಲಿ ಮುಳುಗಿ ಸ್ವಲ್ಪ ತಡಮಾಡಿದರೂ ಸಂಭಾಷಣೆ ಹಳಿ ತಪ್ಪುತ್ತೆ. ತೊಂಬತ್ತರ ದಶಕದ ಕಂಪ್ಯೂಟರ್‌ಗಳಿಗೆ ಇದು ನಿಜವಾಗಿ ಭಾರವಾಗಿತ್ತು. ಅದಕ್ಕೇ ಮಾತುಕತೆಯನ್ನು ಮೋಡೆಮ್‌ಗೇ ವಹಿಸುವ ಕ್ಲಾಸ್ 2 ಬೇಕಾಯಿತು. ಆದರೆ ಅಲ್ಲಿ ಮೋಡೆಮ್ ಎಷ್ಟು ಬುದ್ಧಿವಂತವೋ ಅಷ್ಟೇ ಕೆಲಸ. ಅದರೊಳಗಿನ ತಪ್ಪನ್ನು ಸಾಫ್ಟ್‌ವೇರ್ ತಿದ್ದೋಕಾಗಲ್ಲ.

ಇಲ್ಲಿಯವರೆಗೆ ಸರಿ. ನಾನು ಬಿದ್ದ ಹಳ್ಳ ಇದರ ಮುಂದೆ ಇದೆ.

ಅಮೆರಿಕದ ಟೆಲಿಕಾಂ ಕಂಪನಿಗಳ ಸಂಘ ಕ್ಲಾಸ್ 1ರ ನಿಯಮಾವಳಿಯನ್ನು 1990ರಲ್ಲಿ ಪ್ರಕಟಿಸಿತು. ಅದರ ಹೆಸರು ಇಐಎ-578. ಕ್ಲಾಸ್ 2ರದ್ದು ಕರಡು ಹಂತದಲ್ಲಿತ್ತು. ಚರ್ಚೆ, ತಿದ್ದುಪಡಿ ಅಂತ ತಡವಾಗುತ್ತಾ ಹೋಯಿತು. ಮಾರುಕಟ್ಟೆ ಎಲ್ಲಿ ಕಾಯುತ್ತೆ? ಚಿಪ್ ತಯಾರಿಸುವವರು ಕರಡನ್ನೇ ಹಿಡಿದು ಮೋಡೆಮ್ ಮಾಡಿ ಮಾರಲು ಶುರುಮಾಡಿದರು. ಮುಹೂರ್ತ ಗಟ್ಟಿಯಾಗುವ ಮುಂಚೆಯೇ ಲಗ್ನಪತ್ರಿಕೆ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ ಹಾಗೆ. ಕೊನೆಗೆ ಟಿಐಎ-592 ಅನ್ನೋ ಅಂತಿಮ ನಿಯಮ ಬಂದಾಗ ಅದರಲ್ಲಿ ಎಷ್ಟೋ ಬದಲಾಗಿತ್ತು. ಕರಡಿನ ಮೋಡೆಮ್‌ಗಳು ಆಗಲೇ ಸಾವಿರಾರು ಮೇಜುಗಳ ಮೇಲಿದ್ದವು, "ಕ್ಲಾಸ್ 2" ಅನ್ನೋ ಹೆಸರನ್ನು ಅವು ಹಿಡಿದುಕೊಂಡಿದ್ದವು. ಹಾಗಾಗಿ ನಿಜವಾದ, ಅಂತಿಮ ನಿಯಮದ್ದಕ್ಕೆ ಇಟ್ಟ ಹೆಸರು "ಕ್ಲಾಸ್ 2.0".

ಅಂದರೆ 2 ಬೇರೆ, 2.0 ಬೇರೆ. ಕೆಲವು ಮೋಡೆಮ್ 1 ಮತ್ತು 2 ಬಲ್ಲವು. ಯು.ಎಸ್. ರೋಬೋಟಿಕ್ಸ್‌ನ ಕೊರಿಯರ್ ತರದವು 1 ಮತ್ತು 2.0 ಬಲ್ಲವು. ಒಂದಕ್ಕೆ ಅಂತ ಬರೆದ ಸಾಫ್ಟ್‌ವೇರ್ ಇನ್ನೊಂದರ ಜತೆ ಕೆಲಸ ಮಾಡಲ್ಲ.

ಈಗ ಯಾವುದೇ ಸಾಫ್ಟ್‌ವೇರ್ ಇಂಜಿನಿಯರನ್ನು ಕೇಳಿ, 2 ಮತ್ತು 2.0 ಬೇರೆ ಬೇರೆನಾ ಅಂತ. ಮೂರನೇ ಕ್ಲಾಸಿನ ಮಗುವನ್ನು ಕೇಳಿದರೂ ಎರಡೂ ಒಂದೇ ಅನ್ನುತ್ತೆ.

ನಾನೂ ಅದನ್ನೇ ಬರೆದಿದ್ದೆ. ಮೋಡೆಮ್‌ಗೆ "ಎಟಿ+ಎಫ್‌ಕ್ಲಾಸ್=?" ಅಂತ ಕೇಳಿದರೆ ತನಗೆ ಗೊತ್ತಿರುವ ಕ್ಲಾಸುಗಳ ಪಟ್ಟಿ ಕೊಡುತ್ತೆ. ಹಳೆಯ ಮೋಡೆಮ್ "0,1,2.0" ಅನ್ನುತ್ತಿತ್ತು. ಎರಡು ವರ್ಷದ ಹಿಂದೆ ನಾನು ಬರೆದ ಕೋಡು ಈ ಪಟ್ಟಿಯನ್ನು ಸಂಖ್ಯೆಗಳಾಗಿ ಬದಲಾಯಿಸಿ, ಅದರಲ್ಲಿ ಎರಡು ಇದೆಯಾ ಅಂತ ನೋಡುತ್ತಿತ್ತು. ಇತ್ತು. ಎರಡು ವರ್ಷ ಯಾವ ತೊಂದರೆಯೂ ಆಗಲಿಲ್ಲ. ಒಂದು ದಿನ ಆ ಮೋಡೆಮ್ ಕೆಟ್ಟಿತು. ಲ್ಯಾಬಿನವರು ಹೊಸದು ತಂದು ಚುಚ್ಚಿದರು. "ಫ್ಯಾಕ್ಸ್ ಕಂಪ್ಯಾಟಿಬಲ್" ಅಂತ ಡಬ್ಬದ ಮೇಲೆ ಇತ್ತಂತೆ. ಅದು "0,1,2" ಅಂದಿತು. ನನ್ನ ಕೋಡಿಗೆ ಅದೂ ಎರಡೇ, ಇದೂ ಎರಡೇ.

ಮೊದಲ ದಿನ ಒಂದೂ ಫ್ಯಾಕ್ಸ್ ಹೋಗಲಿಲ್ಲ. ಅದು ಒಳ್ಳೆಯದೇ ಆಯ್ತು ಅಂತ ಈಗ ಅನ್ನಿಸುತ್ತೆ, ಯಾಕೆಂದರೆ ಪೂರ್ತಿ ನಿಂತುಹೋದರೆ ಎಲ್ಲರಿಗೂ ಕಾಣುತ್ತೆ. ನಾನು ರಾತ್ರಿ ಕೂತು ಕಾರಣ ಹುಡುಕಿದೆ. ಎರಡು ಕ್ಲಾಸುಗಳಲ್ಲಿ ಆಜ್ಞೆಗಳ ಹೆಸರೇ ಬೇರೆ ಅಂತ ಗೊತ್ತಾಯಿತು. 2.0ರಲ್ಲಿ "ಎಫ್‌ಸಿಸಿ" ಅನ್ನೋದಕ್ಕೆ 2ರಲ್ಲಿ "ಎಫ್‌ಡಿಸಿಸಿ". ಅಲ್ಲಿ "ಎಫ್‌ಎಲ್‌ಐ", ಇಲ್ಲಿ "ಎಫ್‌ಎಲ್‌ಐಡಿ". ಪುಟ ಮುಗಿಯಿತು ಅಂತ ಹೇಳುವ ರೀತಿಯೂ ಬೇರೆ. ಒಂದು ಪಟ್ಟಿ ಮಾಡಿ ಎಡಗಡೆಯದ್ದಕ್ಕೆಲ್ಲ ಬಲಗಡೆಯದ್ದು ಹಾಕಿದೆ. ಬೆಳಗಿನ ಜಾವ ನಾಲ್ಕಕ್ಕೆ ಮೊದಲ ಫ್ಯಾಕ್ಸ್ ಹೋಯಿತು. ಹಸಿರು. ತಂಡದ ಗ್ರೂಪಿನಲ್ಲಿ ಎಲ್ಲರೂ ಚಪ್ಪಾಳೆ ಒತ್ತಿದರು. ನಾನು ಮಲಗಿದೆ.

ಅದಾಗಿ ಹನ್ನೊಂದನೇ ದಿನ ತಿಪಟೂರಿನ ಹಜಾರದಲ್ಲಿ ಅಪ್ಪ ಕೇಳಿದ ಪ್ರಶ್ನೆ: ಓಕೆ ಅಂದಿದ್ದು ಯಾರು?

ಟೀ ಕುಡಿಯುತ್ತಾ ಮೋಡೆಮ್ ಜತೆಗಿನ ಸಂಭಾಷಣೆಯ ಕಚ್ಚಾ ದಾಖಲೆ ತೆರೆದೆ. ಎರಡನೇ ಪುಟದ ಕೊನೆಯಲ್ಲಿ ಎರಡು ಸಾಲು ಇದ್ದವು. ಮೊದಲನೆಯದು "+ಎಫ್‌ಪಿಟಿಎಸ್:2". ಎರಡನೆಯದು "ಓಕೆ".

ಹೆಸರುಗಳನ್ನು ಬದಲಾಯಿಸಿದ್ದ ನಾನು ಅರ್ಥವನ್ನು ನೋಡಿರಲಿಲ್ಲ. ಕ್ಲಾಸ್ 2.0ರಲ್ಲಿ ಪುಟ ಮುಗಿದ ಮೇಲೆ ಮೋಡೆಮ್ "ಓಕೆ" ಅಂದರೆ ಆ ಕಡೆಯವನು ಪುಟ ಒಪ್ಪಿದ ಅಂತ ಅರ್ಥ. ಒಪ್ಪದಿದ್ದರೆ "ಎರರ್" ಅನ್ನುತ್ತೆ. ಕ್ಲಾಸ್ 2ರಲ್ಲಿ ಹಾಗಲ್ಲ. ಅಲ್ಲಿ ಆ ಕಡೆಯವನ ತೀರ್ಪು "ಎಫ್‌ಪಿಟಿಎಸ್" ಅನ್ನೋ ಸಾಲಿನಲ್ಲಿ ಬರುತ್ತೆ. 1 ಅಂದರೆ ಪುಟ ಚೆನ್ನಾಗಿದೆ. 2 ಅಂದರೆ ಪುಟ ಕೆಟ್ಟಿದೆ, ಲೈನನ್ನು ಮತ್ತೆ ಹದಮಾಡಿಕೊಂಡು ಬಾ. ಆಮೇಲೆ ಬರುವ "ಓಕೆ"ಗೆ "ನೀನು ಕೊಟ್ಟ ಆಜ್ಞೆ ಮುಗಿಸಿದೆ" ಅನ್ನೋದಷ್ಟೇ ಅರ್ಥ. ಬೆಂಚಿನ ಮೇಲೆ ಕೂತ ಗಿರಾಕಿಗೆ ಅಪ್ಪ "ಕಳಿಸಿದೆ ಸ್ವಾಮಿ, ಆದ್ರೆ ಆ ಕಡೆಯವರು ಕಾಣ್ತಿಲ್ಲ ಅಂತಿದಾರೆ, ಆಯ್ತಾ?" ಅಂದರೆ, ಅವನು ಕೊನೆಯ "ಆಯ್ತಾ" ಮಾತ್ರ ಕೇಳಿಸಿಕೊಂಡು ಎದ್ದು ಹೋದ ಹಾಗೆ.

ವಾಟ್ಸಾಪಿನಲ್ಲಿ ಒಂದು ಟಿಕ್ ಮತ್ತು ಎರಡು ಟಿಕ್ಕಿಗೆ ಇರುವ ವ್ಯತ್ಯಾಸ ನಮಗೆಲ್ಲ ಗೊತ್ತು. ಒಂದು ಟಿಕ್ ಬಂದರೆ ನಿಮ್ಮ ಫೋನಿನಿಂದ ಹೊರಟಿದೆ ಅಂತ ಮಾತ್ರ. ನಾನು ಹನ್ನೊಂದು ದಿನ ಒಂದು ಟಿಕ್ ನೋಡಿ ಎರಡು ಟಿಕ್ ಅಂತ ಬರೆದುಕೊಂಡಿದ್ದೆ.

ಹಾಗಾದರೆ ಪುಟಗಳು ಕೆಡುತ್ತಿದ್ದದ್ದು ಯಾಕೆ? ಆ ಲ್ಯಾಬಿನ ಫೋನ್ ಲೈನು ಈಗ ತಾಮ್ರದ ತಂತಿಯದಲ್ಲ, ಇಂಟರ್‌ನೆಟ್ ಮೇಲೆ ಹೋಗುವಂಥದ್ದು. ಮಾತಾಡುವಾಗ ಮಧ್ಯೆ ಒಂದು ಚೂರು ಸದ್ದು ಕಳೆದುಹೋದರೆ ನಮ್ಮ ಕಿವಿಗೆ ಗೊತ್ತೇ ಆಗಲ್ಲ. ಫ್ಯಾಕ್ಸಿಗೆ ಅಷ್ಟು ಸಾಕು, ಒಂದು ಗೆರೆ ಬೀಳುತ್ತೆ. ಹಳೆಯ ಮೋಡೆಮ್‌ನಲ್ಲಿ ಇಸಿಎಂ ಅನ್ನೋ ತಪ್ಪು ತಿದ್ದುವ ಏರ್ಪಾಡಿತ್ತು. ಪುಟವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸಿ, ಕೆಟ್ಟ ತುಂಡುಗಳನ್ನು ಮಾತ್ರ ಮತ್ತೆ ಕಳಿಸುವುದು. ಹೊಸ ಮೋಡೆಮ್‌ಗೆ ಕ್ಲಾಸ್ 2ರಲ್ಲಿ ಅದು ಬರುತ್ತಿರಲಿಲ್ಲ. ಹೀಗಾಗಿ ಗೆರೆಗಳು ಹೆಚ್ಚಾದವು, ಅವುಗಳ ಬಗ್ಗೆ ಬಂದ ದೂರನ್ನು ನನ್ನ ಕೋಡು ನುಂಗಿತು.

ಹನ್ನೊಂದು ದಿನದ ದಾಖಲೆಯಲ್ಲಿ "ಎಫ್‌ಪಿಟಿಎಸ್:2" ಎಷ್ಟು ಸಲ ಇದೆ ಅಂತ ಹುಡುಕಿದೆ. 47 ಪುಟ. ಪ್ರತಿಯೊಂದೂ ಯಾರದೋ ರಕ್ತದ, ಯಾರದೋ ಮೂತ್ರದ ಪರೀಕ್ಷೆ. ಹೆಸರುಗಳು ನನಗೆ ಕಾಣಲ್ಲ, ಕಾಣಲೂ ಬಾರದು. ಆದರೆ ಆ ಪಟ್ಟಿಯನ್ನು ನೋಡುತ್ತಾ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು. ಇಷ್ಟು ದಿನ ನನ್ನ ಬಗ್ ಅಂದರೆ ಪರದೆ ಮೇಲೆ ಬಟನ್ ಪಕ್ಕಕ್ಕೆ ಸರಿದಿರೋದು, ರಿಪೋರ್ಟ್ ನಿಧಾನವಾಗಿ ತೆರೆಯೋದು. ಇಲ್ಲಿ ಮಾತ್ರ ಒಬ್ಬ ನರ್ಸ್ "ಇದು ಐದೇ ಇರಬೇಕು ಬಿಡು" ಅಂದುಕೊಂಡಿದ್ದರೆ?

ಅಪ್ಪ ಎದುರು ಕುರ್ಚಿಯಲ್ಲಿ ಕೂತು ಒಂದು ಹಳೇ ಕತೆ ಹೇಳಿದರು. ಅಂಗಡಿ ಹಾಕಿದ ಹೊಸತು. ಒಬ್ಬ ಮಂಡಿಯವರು ಲಾರಿ ಲೋಡಿನ ಲೆಕ್ಕ ಫ್ಯಾಕ್ಸ್ ಮಾಡಿಸಿದರು. ರಿಪೋರ್ಟ್ ಚೀಟಿಯಲ್ಲಿ ಓಕೆ ಬಂತು. ಆ ಕಡೆ ಥರ್ಮಲ್ ಕಾಗದದ ಮೇಲೆ 38 ಚೀಲ ಅನ್ನೋದು 33 ಅಂತ ಕಂಡಿದೆ. ಲಾರಿ ತಲುಪಿದಾಗ ಐದು ಚೀಲ ಎಲ್ಲಿಂದ ಬಂತು ಅಂತ ಜಗಳ. ಹೆಚ್ಚು ಬಂದಿದ್ದಕ್ಕೆ ಜಗಳ ಇರಲಿ, ಕಡಿಮೆ ಕಂಡಿದ್ದರೆ ಡ್ರೈವರ್ ಮೇಲೆ ಕಳ್ಳತನದ ಅಪವಾದ ಬರುತ್ತಿತ್ತು. "ಅವತ್ತಿಂದ ನಾನು ಫ್ಯಾಕ್ಸ್ ಮಾಡಿದ ಮೇಲೆ ಫೋನ್ ಮಾಡಿ ಕೇಳ್ತಿದ್ದೆ. ಬಂತಾ? ಎಷ್ಟು ಪುಟ? ಕೊನೇ ಸಾಲು ಓದಿ ನೋಡೋಣ ಅಂತ. ಎಸ್‌ಟಿಡಿ ಕಾಸು ನಂದೇ ಹೋಗ್ತಿತ್ತು. ನಿಮ್ಮಮ್ಮ ಬೈತಿದ್ಲು."

ಈ "ಬಂತಾ? ಎಷ್ಟು ಪುಟ?" ನನಗೆ ಚೆನ್ನಾಗಿ ನೆನಪಿದೆ. ಸ್ಕೂಲ್ ಬಿಟ್ಟು ಅಂಗಡಿಗೆ ಬಂದು ಜೆರಾಕ್ಸ್ ಮಿಷನ್ ಪಕ್ಕ ಹೋಮ್‌ವರ್ಕ್ ಮಾಡುವಾಗ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿತ್ತು. ಅಪ್ಪನಿಗೆ ಮಿಷನ್ ಮೇಲೆ ನಂಬಿಕೆ ಇಲ್ಲ, ಹಳೇ ಕಾಲದವರು ಅಂದುಕೊಂಡಿದ್ದೆ. ಆದರೆ ಫ್ಯಾಕ್ಸಿನ ನಿಯಮ ಬರೆದವರೂ ಪ್ರತಿ ಪುಟಕ್ಕೆ ಇದೇ ಪ್ರಶ್ನೆಯನ್ನು ಕಡ್ಡಾಯ ಮಾಡಿದ್ದರು. ಉತ್ತರ ಕೇಳಿಸಿಕೊಳ್ಳದೆ ಇದ್ದದ್ದು ನಾನು.

ಬೆಳಗಾಗುವಷ್ಟರಲ್ಲಿ ಮಾಡಬೇಕಾದ್ದು ಮಾಡಿದೆವು. ಮೊದಲು ಹೊಸ ಫ್ಯಾಕ್ಸ್ ನಿಲ್ಲಿಸಿದೆವು. 47 ಪುಟಗಳ ಪಟ್ಟಿಯನ್ನು ಲ್ಯಾಬಿನವರಿಗೆ ಕೊಟ್ಟೆವು. ಅವರು ಒಂದೊಂದು ಕ್ಲಿನಿಕ್ಕಿಗೂ ಫೋನ್ ಮಾಡಿ, ಪುಟ ಓದೋಕೆ ಬರುತ್ತಾ ಅಂತ ಕೇಳಿ, ಬರಲ್ಲ ಅಂದವರಿಗೆ ಮತ್ತೆ ಕಳಿಸಿದರು. ಕೆಲವರು ಆಗಲೇ ಫೋನ್ ಮಾಡಿ ಅಂಕಿ ತಿಳಿದುಕೊಂಡಿದ್ದರು. ಯಾರಿಗೂ ಕೆಡುಕಾಗಲಿಲ್ಲ. ಅದಕ್ಕೆ ಕಾರಣ ನನ್ನ ಜಾಣತನ ಅಲ್ಲ, ಆ ಕಡೆ ಅನುಮಾನ ಬಂದಾಗ ಫೋನ್ ಎತ್ತಿದ ಜನ.

ನಾನು ಕೋಡಿನಲ್ಲಿ ಎರಡು ಬದಲಾವಣೆ ಮಾಡಿದೆ. ಕ್ಲಾಸನ್ನು ಇನ್ನು ಸಂಖ್ಯೆಯಾಗಿ ಓದಲ್ಲ, ಅಕ್ಷರವಾಗಿಯೇ ಇಟ್ಟುಕೊಳ್ಳುತ್ತೇನೆ. "2.0" ಅನ್ನೋದು ಹೆಸರೇ ಹೊರತು ಲೆಕ್ಕ ಅಲ್ಲ. ಎರಡನೆಯದಾಗಿ, ಪುಟದ ತೀರ್ಪಿನ ಸಾಲನ್ನು ಓದದೆ ಯಾವುದನ್ನೂ ಯಶಸ್ವಿ ಅಂತ ಬರೆಯಲ್ಲ. ತೀರ್ಪು ಕೆಟ್ಟದ್ದಾದರೆ ಪುಟ ಮತ್ತೆ ಹೋಗುತ್ತೆ, ಮೂರು ಸಲ ಆಗದಿದ್ದರೆ ಮನುಷ್ಯರಿಗೆ ತಿಳಿಸುತ್ತೆ.

ಕೆಲವು ವಾರದ ನಂತರ ಆ ಮೋಡೆಮ್ ಅನ್ನು ಕ್ಲಾಸ್ 1ಕ್ಕೇ ಬದಲಾಯಿಸಿದೆವು. ನಾವೇ ಬರೆದ ಕೋಡಿನ ಜಾಗಕ್ಕೆ ಹೈಲಾಫ್ಯಾಕ್ಸ್ ಬಂತು. ಹಲವು ವರ್ಷಗಳಿಂದ ಜನ ಬಳಸಿ ತಿದ್ದಿದ ಮುಕ್ತ ಸಾಫ್ಟ್‌ವೇರ್ ಅದು. ಕ್ಲಾಸ್ 1, 2, 2.0 ಮೂರೂ ಅದಕ್ಕೆ ಗೊತ್ತು, ಮೂರನ್ನೂ ಬೇರೆ ಬೇರೆಯಾಗಿಯೇ ನೋಡುತ್ತೆ. ಕ್ಲಾಸ್ 1ರಲ್ಲಿ ಮಾತುಕತೆ ಸಾಫ್ಟ್‌ವೇರಿನದೇ ಆದ್ದರಿಂದ ತಪ್ಪು ತಿದ್ದುವ ಇಸಿಎಂ ಕೂಡ ಸಾಫ್ಟ್‌ವೇರಿನಲ್ಲೇ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಭಾರ ಅನ್ನಿಸಿದ್ದ ಆ ಮಿಲಿಸೆಕೆಂಡಿನ ಲೆಕ್ಕ ಇವತ್ತಿನ ಕಂಪ್ಯೂಟರಿಗೆ ದೊಡ್ಡ ವಿಷಯವಲ್ಲ. ಹಳೆಯದು, ಕೆಳಗಿನದು ಅಂತ ನಾನು ಪಕ್ಕಕ್ಕಿಟ್ಟಿದ್ದ ಕ್ಲಾಸೇ ಕೊನೆಗೆ ಕೈಹಿಡಿಯಿತು.

ನಿಮ್ಮಲ್ಲಿ ಹೆಚ್ಚಿನವರು ಫ್ಯಾಕ್ಸ್ ಮೋಡೆಮ್ ಮುಟ್ಟುವ ಪ್ರಸಂಗ ಬರಲಾರದು. ಬಂದರೆ ಡಬ್ಬದ ಮೇಲಿನ "ಕಂಪ್ಯಾಟಿಬಲ್" ಅನ್ನೋ ಪದ ನಂಬಿ ತರಬೇಡಿ. ಯಾವ ಕ್ಲಾಸು ಅಂತ ಕೇಳಿ, ಮೋಡೆಮ್‌ನ ಬಾಯಲ್ಲೇ ಹೇಳಿಸಿ, ನಿಮ್ಮ ಸಾಫ್ಟ್‌ವೇರಿಗೆ ಯಾವುದು ಬೇಕು ಅನ್ನೋದನ್ನು ಚುಕ್ಕಿ ಸಮೇತ ಓದಿ. ಆಮೇಲೆ ಎರಡು ಪುಟದ ಒಂದು ಕಾಗದ ಕಳಿಸಿ, ಆ ಕಡೆ ಇರುವವರಿಗೆ ಫೋನ್ ಮಾಡಿ.

ಅಪ್ಪ ಈಗ ವಾಟ್ಸಾಪಿನಲ್ಲಿದ್ದಾರೆ. ಜಮೀನಿನ ಪಹಣಿ, ಕರೆಂಟ್ ಬಿಲ್ಲು, ಅಮ್ಮನ ಬಿಪಿ ಚೀಟಿ ಎಲ್ಲದರ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಕಳಿಸಿದ ಮರುನಿಮಿಷ ಫೋನ್ ಬರುತ್ತೆ: "ಬಂತಾ?" ಮೊದಲೆಲ್ಲ ಮೀಟಿಂಗಿನ ಮಧ್ಯೆ ಸಿಡುಕುತ್ತಿದ್ದೆ, "ನೀಲಿ ಟಿಕ್ ಬಂದಿದೆಯಲ್ಲ ಅಪ್ಪ, ನೋಡಿ" ಅಂತ.

ಹೋದ ವಾರ ಅಮ್ಮನ ಬ್ಲಡ್ ರಿಪೋರ್ಟಿನ ಫೋಟೋ ಕಳಿಸಿದ್ದರು. ಫೋನ್ ಬರುವ ಮುಂಚೆ ನಾನೇ ಮಾಡಿದೆ. "ಬಂತು ಅಪ್ಪ. ಎರಡು ಪುಟ. ಎರಡನೇದರಲ್ಲಿ ಕೆಳಗಿನ ಅಂಕಿ ಮೇಲೆ ನಿಮ್ಮ ಬೆರಳಿನ ನೆರಳು ಬಿದ್ದಿದೆ, ಇನ್ನೊಂದು ಸಲ ತೆಗೆದು ಕಳಿಸಿ."

"ಇರು, ಕಿಟಕಿ ಹತ್ರ ಹೋಗ್ತೀನಿ" ಅಂದರು.